ನಾಲ್ವರ ಟೀಂ ಟೈಂ ಟ್ರಯಲ್: ಹತ್ತು ಕಿ.ಮೀ. ಆಗುತ್ತಲೇ ಸಾಲು ಒಡೆಯುತ್ತಿದೆ, ಎಲ್ಲಿ ಸರಿ ಮಾಡಬೇಕು?

ದಾವಣಗೆರೆ_ಐವರು

ನಮ್ಮದು ಐದು ಜನರ ಹವ್ಯಾಸಿ ರೋಡ್ ಸೈಕಲ್ ಟೀಂ. ಎಲ್ಲರೂ ಕೆಲಸಕ್ಕೆ ಹೋಗುವ ಮುಂಚೆ, ಬೆಳಗ್ಗೆ ಓಡಿಸುವವರು. ಇನ್ನು ಎಂಟು ವಾರಕ್ಕೆ 40 ಕಿ.ಮೀ. ಟೀಂ ಟೈಂ ಟ್ರಯಲ್ (ಇಡೀ ಟೀಂ ಒಟ್ಟಿಗೆ ಗಡಿಯಾರದ ವಿರುದ್ಧ ಓಡಿಸುವ ಪಂದ್ಯ) ಇದೆ. ನಾಲ್ಕು ಜನ ಇಳಿಯಬೇಕು. ಮೂರನೆಯವರ ಮುಂದಿನ ಚಕ್ರ ಗೆರೆ ದಾಟಿದ ಸಮಯವೇ ಟೀಂನ ಸಮಯ. 20 ಕಿ.ಮೀ. ಹೋಗಿ, ಕೋನ್ ಸುತ್ತಿ, ಅದೇ ದಾರಿಯಲ್ಲಿ ವಾಪಸ್. ಹೆಚ್ಚುಕಡಿಮೆ ಸಮತಟ್ಟು, ನಡುವೆ ಒಂದು ಫ್ಲೈಓವರ್.

ಎಫ್‌ಟಿಪಿ (ಸುಮಾರು ಒಂದು ಗಂಟೆ ತಡೆದುಕೊಳ್ಳಬಲ್ಲ ಗರಿಷ್ಠ ಸರಾಸರಿ ಶಕ್ತಿ) ಕ್ರಮವಾಗಿ 255, 240, 235, 215, 205 ವ್ಯಾಟ್. ತೂಕ ಎಲ್ಲರದ್ದೂ 66ರಿಂದ 74 ಕೆ.ಜಿ. ಒಳಗೆ. ಇಬ್ಬರ ಸೈಕಲ್‌ಗೆ ಮಾತ್ರ ಏರೋ ಬಾರ್ (ಮೊಣಕೈ ಊರಿ ಬಾಗಿ ಓಡಿಸುವ ಹ್ಯಾಂಡಲ್) ಇದೆ.

ಒಬ್ಬೊಬ್ಬರೇ ಹೋದರೆ ಗಂಟೆಗೆ 35ರಿಂದ 38 ಕಿ.ಮೀ. ಬರುತ್ತೆ. ಸಾಲಿನಲ್ಲಿ ಹೊರಟರೆ ಮೊದಲ ಐದಾರು ಕಿ.ಮೀ. 41–42 ತೋರಿಸುತ್ತೆ, ಹತ್ತು ಕಿ.ಮೀ. ಹೊತ್ತಿಗೆ 215 ವ್ಯಾಟ್‌ನವರು ಕಳಚಿಕೊಳ್ಳುತ್ತಾರೆ, ಆಮೇಲೆ 235ರವರೂ ಒದ್ದಾಡುತ್ತಾರೆ. ಕೊನೆಗೆ ಸರಾಸರಿ 36. ಅಂದರೆ ನಮ್ಮಲ್ಲಿ ಜೋರಾಗಿರುವವರು ಒಬ್ಬರೇ ಹೋಗುವುದಕ್ಕಿಂತ ನಿಧಾನ! ಸದ್ಯ ಎಲ್ಲರೂ ಒಂದೊಂದು ನಿಮಿಷ ಮುಂದೆ ಇರುತ್ತೇವೆ.

ಕೇಳಬೇಕಾದ್ದು ಇಷ್ಟು: ಪಾಳಿ (ಮುಂದೆ ನಿಂತು ಎಳೆಯುವ ಸರದಿ) ಎಷ್ಟು ಸೆಕೆಂಡ್ ಇರಬೇಕು, ಮುಂದಿನವರು ಯಾವ ಕಡೆಗೆ ಸರಿಯಬೇಕು, ದುರ್ಬಲರನ್ನು ಸಾಲಿನಲ್ಲಿ ಎಲ್ಲಿ ಇಡಬೇಕು, ಮತ್ತು ಎಂಟು ವಾರದಲ್ಲಿ ಮೊದಲು ಯಾವುದನ್ನು ಸರಿ ಮಾಡಬೇಕು?


ಚೈನ್‌ರಿಂಗ್_53

ನೀವು ಕೊಟ್ಟ ಅಂಕಿಯಲ್ಲೇ ಉತ್ತರ ಇದೆ. 42ರಲ್ಲಿ ಹೊರಡುವ ಟೀಂ ಅಲ್ಲ ನಿಮ್ಮದು.

ಸವಾರ, ಸೈಕಲ್, ನೀರು ಸೇರಿ 80 ಕೆ.ಜಿ., ಗಾಳಿ ಇಲ್ಲದ ಸಮತಟ್ಟು ರಸ್ತೆ, ಎಲ್ಲರೂ ಡ್ರಾಪ್ಸ್ (ಹ್ಯಾಂಡಲ್‌ನ ಕೆಳಗಿನ ಬಾಗು) ಹಿಡಿದು ಬಾಗಿ ಕೂತಿದ್ದಾರೆ ಅಂತ ಇಟ್ಟುಕೊಳ್ಳಿ. ಹಿಂದಿನವರಿಗೆ ಗಾಳಿಯ ಹೊರೆ ಮೂರನೇ ಒಂದು ಪಾಲು ಕಡಿಮೆ. ಆಗ 38 ಕಿ.ಮೀ. ವೇಗಕ್ಕೆ ಮುಂದಿನವರಿಗೆ ಸುಮಾರು 255 ವ್ಯಾಟ್ ಬೇಕು, ಹಿಂದೆ ಬಿಗಿಯಾಗಿ ಚಕ್ರ ಹಿಡಿದವರಿಗೆ (ಮುಂದಿನವರ ಹಿಂಚಕ್ರಕ್ಕೆ ಅಂಟಿಕೊಂಡು ಬರುವವರಿಗೆ) 180. 39ಕ್ಕೆ 270 ಮತ್ತು 190. 40ಕ್ಕೆ 290 ಮತ್ತು 205. 42ಕ್ಕೆ ಬಂದರೆ ಮುಂದೆ 330, ಹಿಂದೆ 230.

ಆ ಕೊನೆಯ ಅಂಕಿ ಇನ್ನೊಮ್ಮೆ ನೋಡಿ. ನಿಮ್ಮ 215ರವರು ಒಂದೇ ಒಂದು ಪಾಳಿ ಎಳೆಯದೆ ಸುಮ್ಮನೆ ಹಿಂದೆ ಕೂತಿದ್ದರೂ 42ರಲ್ಲಿ ಎಫ್‌ಟಿಪಿ ದಾಟಿ ಓಡಿಸುತ್ತಿರುತ್ತಾರೆ. ಅದರ ಮೇಲೆ ಒಂದು ನಿಮಿಷ 330 ವ್ಯಾಟ್ ಎಳೆಸಿದರೆ ಹತ್ತು ಕಿ.ಮೀ. ತಡೆದುಕೊಂಡಿದ್ದೇ ದೊಡ್ಡದು. ಅವರನ್ನು ದುರ್ಬಲ ಅನ್ನಬೇಡಿ. ವೇಗ ಆರಿಸಿದ್ದೇ ತಪ್ಪು.

ಹಾಗಾದರೆ ಯಾವ ವೇಗ? ಪಾಳಿಯನ್ನು ಶಕ್ತಿಗೆ ತಕ್ಕಂತೆ ಹಂಚಿ: 255ರವರು 45 ಸೆಕೆಂಡ್, 240ರವರು 40, 235ರವರು 35, 215ರವರು 15. ಒಂದು ಸುತ್ತು 135 ಸೆಕೆಂಡ್. 39 ಕಿ.ಮೀ. ವೇಗದಲ್ಲಿ ಇವರ ಸರಾಸರಿ ವ್ಯಾಟ್ 217, 214, 211, 199 ಆಗುತ್ತೆ. ಎಲ್ಲರೂ ತಮ್ಮ ಎಫ್‌ಟಿಪಿಯ ಶೇ. 85ರಿಂದ 93ರೊಳಗೆ. ಒಂದು ಗಂಟೆಯ ಓಟಕ್ಕೆ ಇದು ಆಗುವ ಮಾತು, ಪಾಳಿ ಮುಗಿಸಿ ಮತ್ತೆ ಚಕ್ರ ಹಿಡಿಯುವ ಶ್ರಮಕ್ಕೂ ಸ್ವಲ್ಪ ಉಳಿಯುತ್ತೆ. ಇದೇ ಲೆಕ್ಕ 40ಕ್ಕೆ ಹಾಕಿದರೆ 215ರವರು 214ಕ್ಕೆ ಬಂದು ನಿಲ್ಲುತ್ತಾರೆ, ಮಿಕ್ಕಿದ್ದಕ್ಕೆ ಏನೂ ಇರಲ್ಲ. ಹಾಗಾಗಿ ನಿಮ್ಮ ಗುರಿ 39. ಅದು 40 ಕಿ.ಮೀ.ಗೆ 61 ನಿಮಿಷ 32 ಸೆಕೆಂಡ್. ಈಗಿನ 36ಕ್ಕೆ ಹೋಲಿಸಿದರೆ ಐದು ನಿಮಿಷದ ಲಾಭ, ಅದೂ ಯಾರ ಎಫ್‌ಟಿಪಿಯೂ ಒಂದು ವ್ಯಾಟ್ ಏರದೆ.

ಬಲಶಾಲಿಗಳಿಗೆ ಒಂದೇ ನಿಯಮ: ಹೆಚ್ಚು ಹೊತ್ತು ಎಳೆಯಿರಿ, ಹೆಚ್ಚು ಜೋರಾಗಿ ಅಲ್ಲ. 255ರವರು ತಮ್ಮ ಪಾಳಿಯಲ್ಲಿ ವೇಗವನ್ನು 41ಕ್ಕೆ ಏರಿಸಿದರೆ ಹೊಡೆತ ಬೀಳುವುದು ಆಗ ತಾನೇ ಪಾಳಿ ಮುಗಿಸಿ ಹಿಂದಕ್ಕೆ ಬರುತ್ತಿರುವವರಿಗೆ. ಅವರು ಅತಿ ಸುಸ್ತಾಗಿರುವ ಕ್ಷಣದಲ್ಲೇ ಸಾಲು ಓಡಿಹೋಗುತ್ತೆ.

ಸಾಲಿನ ಕ್ರಮಕ್ಕೂ ಇದೇ ಆಧಾರ. 215ರವರ ಪಾಳಿ ಮುಗಿದ ಕೂಡಲೇ ಮುಂದೆ ಬರುವವರು ನಿಮ್ಮಲ್ಲಿ ಅತ್ಯಂತ ಸ್ಥಿರವಾಗಿ ಓಡಿಸುವವರಾಗಿರಲಿ, ಅತ್ಯಂತ ಬಲಶಾಲಿ ಆಗಿರಬೇಕು ಅಂತಿಲ್ಲ. ಮತ್ತೆ ಕುಳ್ಳಗಿರುವವರ ಹಿಂದೆ ಎತ್ತರದವರನ್ನು ಹಾಕಿದರೆ ಎತ್ತರದವರಿಗೆ ಮರೆ ಸಿಗಲ್ಲ. 215ರವರ ಮುಂದೆ ಅಗಲ ಭುಜದವರು ಇದ್ದರೆ ಒಳ್ಳೆಯದು.

ಇನ್ನೊಂದು ಮಾತು. 39 ಅನ್ನುವುದು ಗಾಳಿ ಇಲ್ಲದಾಗಿನ ಅಂಕಿ. ಎದುರುಗಾಳಿಯಲ್ಲಿ ವೇಗ ನೋಡಬೇಡಿ, ವ್ಯಾಟ್ ನೋಡಿ. ಮುಂದಿನವರು 270–280 ದಾಟಬಾರದು, ವೇಗ 34ಕ್ಕೆ ಇಳಿದರೆ ಇಳಿಯಲಿ. ಎದುರುಗಾಳಿಯಲ್ಲಿ ಪಾಳಿಯನ್ನು ಕಾಲು ಭಾಗ ಕಡಿಮೆ ಮಾಡಿ, ಹಿಂಗಾಳಿಯಲ್ಲಿ ಬೇಕಾದರೆ ಉದ್ದ ಮಾಡಿ.


ಘಟಪ್ರಭಾ_ಗಾಲಿ

ಲೆಕ್ಕ ಮ್ಯಾಲಿನವ್ರು ಬರೋಬ್ಬರಿ ಹೇಳ್ಯಾರ, ಅದನ್ನ ಮತ್ತ ಹೇಳೂದಿಲ್ಲ. ಆದ್ರ ಸಾಲು ಹರಿಯೂದು ಪಾಳಿ ಬದಲಿ ಆಗೂ ಎಂಟು ಸೆಕೆಂಡಿನ್ಯಾಗ. ಅಷ್ಟನ್ನ ಕಲೀರಿ, ಮುಕ್ಕಾಲು ಕೆಲಸ ಮುಗೀತು.

ಮುಂದಿನಾಂವ ಪಾಳಿ ಬಿಡೂಮುಂದ ಮದ್ಲ ಹಿಂದ ನೋಡಬೇಕು, ಆಮ್ಯಾಲ ಮೊಣಕೈ ಅಲ್ಲಾಡಿಸಬೇಕು, ಆಮ್ಯಾಲ ಅದೇ ವೇಗದಾಗ ಬಾಜೂಕ ಸರೀಬೇಕು. ಸರಿಯೂದು ಒಂದು ಹ್ಯಾಂಡಲ್ ಅಗಲ, ಅಷ್ಟ. ಎರಡು ಮೀಟರ್ ದೂರ ಹೋದ್ರ ಗಾಳಿಯೆಲ್ಲಾ ನೀವ ತಿಂತೀರಿ, ವಾಪಸ್ ಬರೂದೂ ದೂರ ಆಕ್ಕತಿ. ಪೂರ್ತಿ ಸರಿದ ಮ್ಯಾಲ ಪೆಡಲ್ ಹಗುರ ಮಾಡ್ರಿ. ಪೆಡಲ್ ನಿಲ್ಲಿಸಬ್ಯಾಡ್ರಿ, ಬ್ರೇಕ್ ಅಂತೂ ಮುಟ್ಟಲೇಬ್ಯಾಡ್ರಿ. ವೇಗ ಮೂರು ಕಿ.ಮೀ. ಇಳಿದ್ರ ಸಾಕು, ಎಂಟು ಸೆಕೆಂಡಿನ್ಯಾಗ ಉಳಿದ ಮೂರು ಮಂದಿ ನಿಮ್ಮನ್ನ ದಾಟತಾರ.

ಈಗ ಮುಖ್ಯ ಮಾತು. ಕೊನೆಯಾಂವ "ಲಾಸ್ಟ್" ಅಂತ ಕೂಗಬೇಕು. ಅಂವನ ಮುಂದಿನ ಗಾಲಿ ನಿಮ್ಮ ಮುಂದಿನ ಗಾಲಿ ಸಮಕ್ಕ ಬಂದಾಗನ ಒತ್ತಾಕ ಶುರು ಮಾಡ್ರಿ. ಅಂವನ ಹಿಂದಿನ ಗಾಲಿ ನಿಮ್ಮನ್ನ ದಾಟಿ ಹೋದ ಮ್ಯಾಲ ಒತ್ತಿದ್ರ ಎರಡು ಮೀಟರ್ ಸಂದಿ ಬಿತ್ತು ಅಂತ ತಿಳೀರಿ. ಆ ಎರಡು ಮೀಟರ್ ಮುಚ್ಚಾಕ ಸುಸ್ತಾದ ಕಾಲಿನ್ಯಾಗ 350 ವ್ಯಾಟ್ ಒತ್ತಬೇಕಾಗತೈತಿ. ಪ್ರತಿ ಸುತ್ತಿಗೂ ಹಿಂಗ ಆದ್ರ 40 ಕಿ.ಮೀ.ನ್ಯಾಗ ಇಪ್ಪತ್ತೈದು–ಇಪ್ಪತ್ತೇಳು ಸಲ ಸ್ಪ್ರಿಂಟ್ ಹೊಡೆದಂಗ.

ಹೊಸದಾಗಿ ಮುಂದ ಬಂದಾಂವ ಏನು ಮಾಡಬೇಕು? ಏನೂ ಮಾಡಬಾರದು! ಇದೇ ಎಲ್ಲಾರಿಗೂ ಕಷ್ಟ ಆಗೂದು. ಮುಂದ ಗಾಳಿ ಮಕಕ್ಕ ಬಡೀತಿದ್ದಂಗ ಕಾಲು ತಾನ ಒತ್ತತೈತಿ. ಕಂಪ್ಯೂಟರಿನ್ಯಾಗ ವೇಗ ದೊಡ್ಡ ಅಂಕಿಯಾಗ ಇಟ್ಕೋರಿ, ಮುಂದಿನಾಂವ ಬಿಟ್ಟಾಗ 39 ಇದ್ರ ನಿಮ್ಮದೂ 39. ವ್ಯಾಟ್ ತಾನ 80 ಏರತೈತಿ, ವೇಗ ಏರಬಾರದು.

ರೂಢಿ ಮಾಡೂದು ಹಿಂಗ. ಮದ್ಲ ವಾರ 28–30ರಾಗ, ಗಾಲಿ ಗಾಲಿ ನಡುವ ಒಂದು ಮೀಟರ್ ಬಿಟ್ಟು, ಎಲ್ಲಾರಿಗೂ 20 ಸೆಕೆಂಡ್ ಪಾಳಿ, 20 ನಿಮಿಷ. ನಗಬ್ಯಾಡ್ರಿ, ಇಷ್ಟು ಸಾವಕಾಶ ಇದ್ದಾಗನ ಯಾರು ವೇಗ ಏರಸತಾರ, ಯಾರು ಅಗಲ ಸರಿತಾರ ಅನ್ನೂದು ಕಾಣತೈತಿ. ಎರಡನೇ ವಾರ 33, ಸಂದಿ ಅರ್ಧ ಮೀಟರ್. ಮೂರನೇ ವಾರದಿಂದ 36–37. 39 ಮುಟ್ಟೂದು ಐದನೇ ವಾರಕ್ಕ. ಪಾಳಿ ಸರಿಯಾಗಿ ಬರೂತನಕ 30 ಸೆಂ.ಮೀ. ಒಳಗ ಹೋಗೂ ಹುಚ್ಚು ಬ್ಯಾಡ. ಐದನೇ ಮನಷ್ಯಾ ಬೈಕ್ ಮ್ಯಾಲ ಹಿಂದ ಕೂತು ಮೊಬೈಲಿನ್ಯಾಗ ಚಿತ್ರ ಹಿಡೀಲಿ, ಬೈಕ್ ಬ್ಯಾರೇದಾಂವ ಹೊಡೀಲಿ. ಸಂಜಿಮುಂದ ಕೂತು ನೋಡಿದ್ರ ಜಗಳಾನ ಇರೂದಿಲ್ಲ.

ಕಣ್ಣು ಮುಂದಿನ ಗಾಲಿ ಮ್ಯಾಲ ಇಡಬ್ಯಾಡ್ರಿ. ಮುಂದಿನಾಂವನ ಸೊಂಟ, ಅಂವನ ಭುಜದ ಮ್ಯಾಲಿಂದ ದಾರಿ, ಎರಡೂ ಕಾಣಬೇಕು. ನಿಮ್ಮ ಮುಂದಿನ ಗಾಲಿ ಅಂವನ ಹಿಂದಿನ ಗಾಲಿ ಬಾಜೂಕ ನುಗ್ಗಿಸಿ ಇಟ್ಟಿದ್ರ, ಅಂವ ಒಂದು ಹೊಂಡ ತಪ್ಪಿಸಿದ್ರ ಬೀಳೂದು ನೀವು, ಅಂವ ಅಲ್ಲ. ಮತ್ತ ಎದ್ದು ನಿಂತು ತುಳಿಯೂಮುಂದ ಒಂದು ಗೇರ್ ಭಾರ ಮಾಡಿ, ಪೆಡಲ್ ಕೆಳಗ ಒತ್ತಕೋತ ಏಳ್ರಿ. ಸುಮ್ನ ಎದ್ರ ಸೈಕಲ್ ಒಂದು ಗೇಣು ಹಿಂದ ಬರತೈತಿ, ಹಿಂದಿನಾಂವನ ಗಾಲಿಗೆ ಬಡೀತೈತಿ. ಫ್ಲೈಓವರ್ ಏರೂಮುಂದ ಇದು ಗ್ಯಾರಂಟಿ ಆಗತೈತಿ ನೋಡ್ರಿ.


ದಾವಣಗೆರೆ_ಐವರು

ಇಬ್ಬರಿಗೂ ಧನ್ಯವಾದ. 42ರ ಲೆಕ್ಕ ಓದಿ 215ರವರು ಟೀಂ ಗ್ರೂಪ್‌ನಲ್ಲಿ ಅದನ್ನೇ ಮೂರು ಸಲ ಹಾಕಿದ್ದಾರೆ.

ಎರಡು ಅನುಮಾನ. ಒಂದು, ನಮ್ಮ 255ರವರು ಹೇಳುವುದು, "ಪಾಳಿಯಲ್ಲಿ ವೇಗ ಏರಿಸಬೇಡ ಅಂದರೆ ನನ್ನ ಕಾಲಲ್ಲಿ ಇರುವುದು ದಂಡ" ಅಂತ. ಎರಡು, ಸರಿಯುವ ಕಡೆ ಇನ್ನೂ ಯಾರೂ ಹೇಳಿಲ್ಲ. ನಾವು ಅಭ್ಯಾಸ ಮಾಡುವುದು ಹರಿಹರದ ಕಡೆ ಹೆದ್ದಾರಿಯಲ್ಲಿ.


ಚೈನ್‌ರಿಂಗ್_53

ದಂಡ ಆಗಲ್ಲ, ಅವರಿಗೆ 60 ಸೆಕೆಂಡ್ ಕೊಡಿ. ಸುತ್ತು 150 ಸೆಕೆಂಡ್ ಆಗುತ್ತೆ, ಅವರ ಸರಾಸರಿ 222ಕ್ಕೆ ಏರುತ್ತೆ, ಮಿಕ್ಕ ಮೂವರಿಗೂ ಒಂದೆರಡು ವ್ಯಾಟ್ ಇಳಿಯುತ್ತೆ. ಅವರ ಹೆಚ್ಚುವರಿ ಶಕ್ತಿ ಟೀಂಗೆ ಸೇರುವುದು ಹೀಗೆ. ಫ್ಲೈಓವರ್ ಏರುವಾಗಲೂ ಅವರೇ ಮುಂದಿರಲಿ, ಆದರೆ ವ್ಯಾಟ್ ನೋಡಿಕೊಂಡು: ಏರಿನಲ್ಲಿ ವೇಗ ಕಡಿಮೆ, ಹಾಗಾಗಿ ಮರೆಯ ಲಾಭವೂ ಕಡಿಮೆ, ಹಿಂದಿನವರೂ ಹತ್ತಿರ ಹತ್ತಿರ ಅಷ್ಟೇ ಒತ್ತಬೇಕಾಗುತ್ತೆ. 290 ದಾಟಬೇಡಿ ಅನ್ನಿ. ನೆತ್ತಿ ದಾಟಿದ ಮೇಲೆ ಮುಂದಿನವರು ಪೆಡಲ್ ಬಿಡಬಾರದು, ಬಿಟ್ಟರೆ ಹಿಂದಿನ ಮೂವರೂ ಬ್ರೇಕ್ ಹಿಡಿಯುತ್ತಾರೆ.


ಜೋಗಿಮಟ್ಟಿ_ಗಾಳಿ

ಸರಿಯುವ ಕಡೆಯ ಬಗ್ಗೆ. ನಿಯಮ ಹೇಳುವುದು ಸುಲಭ: ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆಗೆ ಸರಿಯಬೇಕು. ಹಿಂದಕ್ಕೆ ಬರುತ್ತಿರುವವರೇ ಆಗ ಸಾಲಿಗೆ ಗೋಡೆ ಆಗುತ್ತಾರೆ.

ಮುಂಗಾರಿನ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿ ಪಶ್ಚಿಮ, ನೈರುತ್ಯದಿಂದ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಹರಿಹರದ ಕಡೆ ಹೋಗುವಾಗ ಅದು ಎದುರಿನಿಂದ, ಎಡದಿಂದ ಬೀಸುತ್ತೆ. ವಾಪಸ್ ಬರುವಾಗ ಹಿಂದಿನಿಂದ, ಬಲದಿಂದ. ಹೋಗುವಾಗ ಎಡಕ್ಕೆ ಸರಿಯಿರಿ, ಬರುವಾಗ ಬಲಕ್ಕೆ ಅಂತ ಪುಸ್ತಕ ಹೇಳುತ್ತೆ. ವಾಹನ ಓಡಾಡುವ ರಸ್ತೆಯಲ್ಲಿ ಬಲಕ್ಕೆ ಸರಿಯುವುದು ಅಂದರೆ ಸುಸ್ತಾದವರನ್ನು, ಅದೂ ನಿಧಾನ ಆಗುತ್ತಿರುವವರನ್ನು, ಲಾರಿಯ ಕಡೆಗೆ ತಳ್ಳಿದ ಹಾಗೆ. ಅಭ್ಯಾಸದಲ್ಲಿ ಯಾವತ್ತೂ ಎಡಕ್ಕೇ ಸರಿಯಿರಿ. ಅದಕ್ಕೆ ಜಾಗ ಬೇಕು, ಹಾಗಾಗಿ ಎಳೆಯುವ ಸಾಲು ಬಿಳಿ ಗೆರೆಯ ಒಳಗೆ, ಶೋಲ್ಡರ್‌ನ (ರಸ್ತೆಯ ಎಡ ಪಕ್ಕದ ಪಟ್ಟಿಯ) ಬಲ ಅಂಚಿನಲ್ಲಿ ಇರಲಿ. ಶೋಲ್ಡರ್ ಇಲ್ಲದ ಕಡೆ ಪೇಸ್‌ಲೈನೇ (ಈ ಸರದಿ ಸಾಲೇ) ಬೇಡ.

ಅಡ್ಡಗಾಳಿಯಲ್ಲಿ ಮುಂದಿನವರ ನೇರ ಹಿಂದೆ ಮರೆ ಇರಲ್ಲ, ಓರೆಯಾಗಿ ನಿಲ್ಲಬೇಕು. ಗಾಳಿ ಎಡದಿಂದ ಬಂದರೆ ಆ ಓರೆ ಸಾಲು ಬಲಕ್ಕೆ, ಅಂದರೆ ರಸ್ತೆಯ ನಡುವಿಗೆ ಬೆಳೆಯುತ್ತೆ. ಚಿತ್ರದುರ್ಗದಿಂದ ಹೊಸಪೇಟೆ ಕಡೆ ಉತ್ತರಕ್ಕೆ ಹೋಗುವ ರಸ್ತೆಯಲ್ಲಿ ಆಷಾಢದಲ್ಲಿ ಪೂರಾ ಇದೇ ಕಥೆ. ವಾಪಸ್ ದಕ್ಷಿಣಕ್ಕೆ ತಿರುಗಿದರೆ ಗಾಳಿ ಬಲದಿಂದ, ಓರೆ ಸಾಲು ಎಡಕ್ಕೆ, ಅಂಚು ಮುಗಿದ ಮೇಲೆ ಕೊನೆಯವರಿಗೆ ಮಣ್ಣೇ ಗತಿ. ನಾಲ್ಕು ಜನಕ್ಕೆ ಶೋಲ್ಡರ್ ಒಳಗೆ ಸ್ವಲ್ಪ ಓರೆ ಸಾಧ್ಯ, ಅಷ್ಟಕ್ಕೆ ನಿಲ್ಲಿಸಿ. ಪಂದ್ಯದ ದಿನ ರಸ್ತೆ ಪೂರ್ತಿ ಮುಚ್ಚಿದ್ದರೆ ಮಾತ್ರ ಗಾಳಿ ನೋಡಿ ಕಡೆ ಬದಲಿಸಿ. ಅದನ್ನೂ ಯು-ತಿರುವಿನಲ್ಲಿ ಒಬ್ಬರು ಜೋರಾಗಿ ಹೇಳಬೇಕು, ಇಲ್ಲದಿದ್ದರೆ ಒಬ್ಬ ಎಡಕ್ಕೆ, ಇನ್ನೊಬ್ಬ ಬಲಕ್ಕೆ.


ಘಟಪ್ರಭಾ_ಗಾಲಿ

ಎಡಕ್ಕ ಸರೀರಿ ಅನ್ನೂದು ಒಪ್ಪೂದಿಲ್ಲ ನಾ. ಶೋಲ್ಡರಿನ ಎಡಾ ಅಂಚಿನ್ಯಾಗ ಕಸ, ಗಾಜು, ಲಾರಿ ಟೈರಿನ ತಂತಿ, ಎದುರ ಬರೂ ಮೋಟರ್‌ಸೈಕಲ್. ಸುಸ್ತಾದಾಂವನ್ನ ಅಲ್ಲಿಗೆ ಕಳಸಿದ್ರ ದಿನಾ ಪಂಚರ್.


ಜೋಗಿಮಟ್ಟಿ_ಗಾಳಿ

ಪಂಚರ್ ಹಾಕಿಕೊಳ್ಳಬಹುದು. ಎದುರಿಂದ ಬರುವ ಬೈಕಿನ ಮಾತು ಮಾತ್ರ ಸರಿ. ಅದಕ್ಕೇ ಪಾಳಿ ಬಿಡುವ ಮುಂಚೆ ಮುಂದೆಯೂ ನೋಡಬೇಕು, ಬರುತ್ತಿದ್ದರೆ ಇನ್ನೊಂದು ಹತ್ತು ಸೆಕೆಂಡ್ ಎಳೆಯಿರಿ. ಬೆಳಗ್ಗೆ ಆರರಿಂದ ಏಳೂವರೆ ಒಳಗೆ ಮುಗಿಸಿದರೆ ಎರಡೂ ಕಾಟ ಕಡಿಮೆ.


ತುಮಕೂರು_ಸ್ಪ್ಯಾನರ್

ಸೈಕಲ್ ವಿಷಯಕ್ಕೆ ಬರುತ್ತೇನೆ, ಯಾರೂ ಮುಟ್ಟಿಲ್ಲ.

ಏರೋ ಬಾರ್ ಇದ್ದವರಿಗೆ 39ರಲ್ಲಿ ಮುಂದೆ ಎಳೆಯುವಾಗ 20ರಿಂದ 30 ವ್ಯಾಟ್ ಉಳಿಯುತ್ತೆ. ಆದರೆ ಮೊಣಕೈ ಇಟ್ಟು ಮಲಗಿದ್ದಾಗ ಕೈಗೆ ಬ್ರೇಕ್ ಸಿಗಲ್ಲ. ಅಭ್ಯಾಸದಲ್ಲಿ ಮುಂದಿದ್ದಾಗ ಮಾತ್ರ ಅದರ ಮೇಲೆ ಮಲಗಿ. ಹಿಂದೆ ಇರುವಾಗ ಡ್ರಾಪ್ಸ್ ಅಥವಾ ಹುಡ್ಸ್ (ಬ್ರೇಕ್ ಲಿವರ್‌ನ ಮೇಲ್ಭಾಗ), ಬೆರಳು ಬ್ರೇಕ್ ಮೇಲೆ. ಆ ಇಬ್ಬರಿಗೇ ಉದ್ದ ಪಾಳಿ ಕೊಡುವುದು ಜಾಣತನ. ಕ್ಲಿಪ್-ಆನ್ (ಮಾಮೂಲಿ ಹ್ಯಾಂಡಲ್‌ಗೆ ಬಿಗಿಸುವ ಏರೋ ಬಾರ್) ಹಾಕುವ ಮುಂಚೆ ಹ್ಯಾಂಡಲ್ ಬಾರ್ ಕಾರ್ಬನ್ ಆಗಿದ್ದರೆ ತಯಾರಕರು ಒಪ್ಪಿದ್ದಾರಾ ನೋಡಿ. ಬೋಲ್ಟ್ ಬಿಗಿಸುವುದು ಟಾರ್ಕ್ ರೆಂಚ್‌ನಲ್ಲಿ, ಬಾರ್ ಮೇಲೆ ಬರೆದ ಅಂಕಿ ಮೀರದಂತೆ. ಕ್ಲಿಪ್-ಆನ್ ಹಾಕಿದ ಮೇಲೆ ಸೀಟನ್ನು ಒಂದೆರಡು ಸೆಂ.ಮೀ. ಮುಂದಕ್ಕೆ ತರಬೇಕಾಗಬಹುದು, ಇಲ್ಲದಿದ್ದರೆ ತೊಡೆ ಹೊಟ್ಟೆಗೆ ಬಡಿದು ವ್ಯಾಟ್ ಇಳಿಯುತ್ತೆ. ಇದಕ್ಕೆ ಕನಿಷ್ಠ ಮೂರು ವಾರ ಬೇಕು, ಪಂದ್ಯದ ಹಿಂದಿನ ವಾರ ಕೈ ಹಾಕಬೇಡಿ. ಮಾಸ್ ಸ್ಟಾರ್ಟ್ (ಎಲ್ಲರೂ ಒಟ್ಟಿಗೆ ಹೊರಡುವ) ರೇಸ್‌ಗೆ ಹೋಗುವ ದಿನ ಬಿಚ್ಚಿಡಿ, ಅಲ್ಲಿ ನಿಷೇಧ.

ಟೈರ್ 28 ಮಿ.ಮೀ. ಹಾಕಿ. 70 ಕೆ.ಜಿ. ಸವಾರರಿಗೆ ಟ್ಯೂಬ್ ಇದ್ದರೆ ಹಿಂದೆ 75–80 ಪಿಎಸ್‌ಐ, ಮುಂದೆ ಐದು ಕಡಿಮೆ. ಟ್ಯೂಬ್‌ಲೆಸ್ ಆದರೆ ಇನ್ನೂ ಹತ್ತು ಇಳಿಸಿ. 120 ತುಂಬಿಸುವ ಕಾಲ ಹೋಯಿತು. ನಮ್ಮ ಡಾಂಬರಿನಲ್ಲಿ ಅದು ಕುಣಿಯುತ್ತೆ ವಿನಾ ಓಡಲ್ಲ. ರಿಮ್ ಮೇಲೆ ಗರಿಷ್ಠ ಒತ್ತಡ ಬರೆದಿರುತ್ತೆ, ಹುಕ್‌ಲೆಸ್ (ಒಳ ಅಂಚಿನಲ್ಲಿ ಕೊಕ್ಕೆ ಇಲ್ಲದ) ರಿಮ್ ಆದರೆ 73 ಪಿಎಸ್‌ಐ ಮೀರಲೇಬೇಡಿ. ಟ್ಯೂಬ್‌ಲೆಸ್‌ಗೆ ಸೀಲಂಟ್ (ತೂತು ಮುಚ್ಚುವ ದ್ರವ) ಚಕ್ರಕ್ಕೆ 30–40 ಮಿ.ಲೀ.; ನಮ್ಮ ಬಿಸಿಲಿಗೆ ಎರಡು ಮೂರು ತಿಂಗಳಲ್ಲಿ ಒಣಗಿ ಹಾಳೆಯಾಗಿ ಅಂಟಿಕೊಂಡಿರುತ್ತೆ. ಅಲ್ಲಾಡಿಸಿದಾಗ ಸದ್ದು ಬರದಿದ್ದರೆ ತುಂಬಿ.

ನಿಮ್ಮ ಕಡೆ ಪಂಚರ್ ಅಂದರೆ ಎರಡೇ, ಬಳ್ಳಾರಿ ಜಾಲಿ ಮುಳ್ಳು ಮತ್ತು ಲಾರಿ ಟೈರಿನಿಂದ ಉದುರಿದ ಕೂದಲೆಳೆಯ ತಂತಿ. ಟ್ಯೂಬ್ ಬದಲಿಸಿದ ಐದು ನಿಮಿಷಕ್ಕೆ ಮತ್ತೆ ಇಳಿದರೆ ತುದಿ ಟೈರ್ ಒಳಗೇ ಉಳಿದಿದೆ ಅಂತ ಅರ್ಥ. ಹಳೇ ಟ್ಯೂಬಿನ ತೂತನ್ನು ವಾಲ್ವ್‌ನಿಂದ ಅಳೆದು, ಟೈರಿನ ಅದೇ ಜಾಗದಲ್ಲಿ ಒಳಗಡೆ ಹತ್ತಿ ಅಥವಾ ಹಳೇ ಬನಿಯನ್ ತುಂಡು ಎಳೆಯಿರಿ, ಸಿಕ್ಕಿಕೊಂಡ ಕಡೆ ಮುಳ್ಳಿದೆ. ಬರೀ ಬೆರಳು ಆಡಿಸಬೇಡಿ, ತಂತಿ ಕೊಯ್ಯುತ್ತೆ. ವಾಲ್ವ್ ಉದ್ದವೂ ನೋಡಿ: 50 ಮಿ.ಮೀ. ಆಳದ ರಿಮ್‌ಗೆ 48 ಮಿ.ಮೀ. ವಾಲ್ವ್ ಟ್ಯೂಬ್ ಹಾಕಲು ಬರಲ್ಲ. ಟೀಂನಲ್ಲಿ ಒಬ್ಬರ ರಿಮ್ ಆಳ ಇದ್ದರೂ ಬಿಡಿ ಟ್ಯೂಬ್ ಎಲ್ಲಾ 80ರದ್ದೇ ಇರಲಿ, ಆಗ ಯಾರದ್ದು ಯಾರಿಗೂ ಆಗುತ್ತೆ.

ಗೇರ್. 39ರಲ್ಲಿ 90 ಕೇಡೆನ್ಸ್‌ಗೆ (ನಿಮಿಷಕ್ಕೆ 90 ಸುತ್ತು ಪೆಡಲ್) ಬೇಕಾದ್ದು ಹತ್ತಿರ ಹತ್ತಿರ 50–15 (ಮುಂದೆ 50 ಹಲ್ಲು, ಹಿಂದೆ 15). 11 ಸ್ಪೀಡ್‌ನ 11–34 ಕ್ಯಾಸೆಟ್‌ನಲ್ಲಿ (ಹಿಂದಿನ ಹಲ್ಲುಚಕ್ರಗಳ ಗೊಂಚಲು) 13, 15, 17 ಅಂತ ಎರಡೆರಡು ಹಲ್ಲು ಹಾರುತ್ತೆ, ಒಂದೋ ಭಾರ, ಇಲ್ಲಾ ಹಗುರ. 11–28ರಲ್ಲಿ 11ರಿಂದ 15ರವರೆಗೆ ಒಂದೊಂದೇ ಹಲ್ಲು. ನಂದಿ ಬೆಟ್ಟಕ್ಕೆ 34 ಇರಲಿ, ಇದಕ್ಕೆ 28 ಹಾಕಿ. ಚೈನ್ ಗೇಜ್ 0.5 ತೋರಿಸಿದರೆ ಚೈನ್ ಬದಲಿಸಿ, ಅದಕ್ಕಿಂತ ಸವೆದ ಚೈನ್ ಹೊಸ ಕ್ಯಾಸೆಟ್ ಹಲ್ಲನ್ನೂ ಬೇಗ ಸವೆಸುತ್ತೆ.

ಸುಗ್ಗಿ ಕಾಲ ಆದರೆ ಇನ್ನೊಂದು. ರಸ್ತೆ ಮೇಲೆ ಒಕ್ಕಣೆಗೆ ಹುರುಳಿ, ರಾಗಿ ಹರಡಿರುತ್ತಾರೆ. ರಾಗಿ ಹುಲ್ಲು ಜಾರುತ್ತೆ ಅಷ್ಟೇ, ಹುರುಳಿ ಬಳ್ಳಿ ಹಾಗಲ್ಲ: ಹಿಂದಿನ ಡಿರೇಲರ್‌ಗೆ (ಗೇರ್ ಬದಲಿಸುವ ಭಾಗಕ್ಕೆ) ಸುತ್ತಿಕೊಂಡು ಹ್ಯಾಂಗರ್ (ಅದನ್ನು ಫ್ರೇಮ್‌ಗೆ ಹಿಡಿದಿಡುವ ತುಂಡು) ಮುರಿಯುತ್ತೆ. ಇಳಿದು, ಸೈಕಲ್ ಎತ್ತಿಕೊಂಡು ದಾಟಿ. ಹ್ಯಾಂಗರ್ ಒಂದೊಂದು ಮಾಡೆಲ್‌ಗೆ ಒಂದೊಂದು ಆಕಾರ, ಅಂಗಡಿಯಲ್ಲಿ ಆ ದಿನವೇ ಸಿಗಲ್ಲ. ಪ್ರತಿ ಸೈಕಲ್‌ಗೂ ಒಂದು ತರಿಸಿಟ್ಟುಕೊಳ್ಳಿ.

ಕೊನೆಗೆ, ಸೈಕಲ್ ಅದಲು ಬದಲು ಮಾಡಿಕೊಳ್ಳುವ ಟೀಂ ಆದರೆ ಬ್ರೇಕ್ ನೋಡಿ. ಕೆಲವದರಲ್ಲಿ ಮುಂದಿನ ಬ್ರೇಕ್ ಬಲಗೈಗೆ, ಕೆಲವದರಲ್ಲಿ ಎಡಗೈಗೆ ಇರುತ್ತೆ. ಇದನ್ನು ಮೊದಲೇ ನೋಡಿಕೊಳ್ಳಿ, ಸಾಲಿನಲ್ಲಿ ಹೋಗುವಾಗ ತಿಳಿಯುವಂತಾಗಬಾರದು.


ಮಿಡ್‌ಪ್ಯಾಕ್_ಮೈಸೂರು

ಊಟದ್ದು ಚಿಕ್ಕದಾಗಿ. ಒಂದು ಗಂಟೆಯ ಓಟಕ್ಕೆ ಜೇಬು ತುಂಬ ಜೆಲ್ ಬೇಡ. ಹಿಂದಿನ ರಾತ್ರಿ ಅನ್ನ, ಬೆಳಗ್ಗೆ ಓಟಕ್ಕೆ ಎರಡೂವರೆ ಮೂರು ಗಂಟೆ ಮುಂಚೆ ಇಡ್ಲಿ ಅಥವಾ ಅವಲಕ್ಕಿ, ಬಾಳೆಹಣ್ಣು. ಸಾಂಬಾರು, ಕಾಳು, ಎಣ್ಣೆಯದ್ದು ಬೇಡ. 500 ಮಿ.ಲೀ. ಬಾಟಲಿಗೆ 35–40 ಗ್ರಾಂ ಸಕ್ಕರೆ, ಒಂದೆರಡು ಚಿಟಿಕೆ ಉಪ್ಪು, ಅರ್ಧ ನಿಂಬೆ. ಕುಡಿಯುವುದು ಸಾಲಿನ ಕೊನೆಯಲ್ಲಿದ್ದಾಗ ಮಾತ್ರ, ಅದೂ ಚಕ್ರ ಹಿಡಿದು ಉಸಿರು ಸುಧಾರಿಸಿದ ಮೇಲೆ.

ಭಾನುವಾರದ ಮೂರು ಗಂಟೆಯ ಓಟ ಬೇರೆ. ಅಲ್ಲಿ ಗಂಟೆಗೆ 60 ಗ್ರಾಂ ಕಾರ್ಬೊಹೈಡ್ರೇಟ್: ಒಂದು ಬಾಳೆಹಣ್ಣಿಗೆ 25 ಗ್ರಾಂ, ಐದಾರು ಸಣ್ಣ ಖರ್ಜೂರಕ್ಕೆ 30 ಗ್ರಾಂ ಅಂತ ಹಿಡಿಯಿರಿ, ಮಿಕ್ಕಿದ್ದು ಬಾಟಲಿಯಲ್ಲಿ. ಶೇಂಗಾ ಚಿಕ್ಕಿ ರುಚಿ ಹೌದು, ಕೊಬ್ಬು ಜಾಸ್ತಿ. ಜೋರಾಗಿ ಓಡಿಸುವಾಗ ಹೊಟ್ಟೆಯಲ್ಲೇ ಕೂರುತ್ತೆ.


ಚೈನ್‌ರಿಂಗ್_53

ಪಂದ್ಯದ ದಿನದ ಬಗ್ಗೆ ಒಂದಿಷ್ಟು, ಅಭ್ಯಾಸದಲ್ಲೇ ಮಾಡಿ ನೋಡಬೇಕಾದವು.

ವಾರ್ಮ್‌ಅಪ್ 20–25 ನಿಮಿಷ, ನಡುವೆ ಓಟದ ವ್ಯಾಟ್‌ನಲ್ಲಿ ಒಂದೊಂದು ನಿಮಿಷದ ಎರಡು ಮೂರು ಒತ್ತು. ಸ್ಟಾರ್ಟ್‌ಗೆ ಹತ್ತು ನಿಮಿಷ ಮುಂಚೆ ನಿಲ್ಲಿಸಿ. ಮೊದಲ ಪಾಳಿ ಸ್ಥಿರ ಸವಾರನಿಗೆ, 20 ಸೆಕೆಂಡ್ ಮಾತ್ರ. ಮೊದಲ ಎರಡು ಕಿ.ಮೀ. ಎಷ್ಟೇ ಹಗುರ ಅನಿಸಿದರೂ 39 ದಾಟಬೇಡಿ. ಆ ಹೊತ್ತಿಗೆ ಎಲ್ಲರಿಗೂ 43 ಸಲೀಸು ಅನಿಸುತ್ತೆ. ಅದರ ಲೆಕ್ಕ ಚುಕ್ತಾ ಆಗುವುದು 12ನೇ ಕಿ.ಮೀ.ನಲ್ಲಿ.

ಕೋನ್ ತಿರುವಿನಲ್ಲಿ ಬಹಳ ಟೀಂ ಒಡೆಯುತ್ತವೆ. 200 ಮೀಟರ್ ಮುಂಚೆ ಮುಂದಿನವರು ಕೂಗಬೇಕು, ಎಲ್ಲರೂ ಏರೋ ಬಾರ್‌ನಿಂದ ಕೈ ತೆಗೆದು, ಮೂರು ನಾಲ್ಕು ಗೇರ್ ಹಗುರ ಮಾಡಿ, ಒಂದೊಂದು ಸೈಕಲ್ ಉದ್ದ ಸಂದಿ ಬಿಡಬೇಕು. ಮುಂದಿನವರು ತಿರುಗಿ ಹೊರಟಾಗ ನಾಲ್ಕನೆಯವರು ಇನ್ನೂ ಕೋನ್‌ಗೇ ಬಂದಿರಲ್ಲ. ಅಲ್ಲಿ ಮುಂದಿನವರು ಒತ್ತಿದರೆ ಹಿಂದಿನವರು ಸ್ಪ್ರಿಂಟ್ ಮಾಡಿಯೇ ಸೇರಬೇಕು. ಕೊನೆಯವರು "ಬಂದೆ" ಅನ್ನುವವರೆಗೆ 30 ದಾಟಬೇಡಿ. ಎರಡು ಸೆಕೆಂಡ್ ಹೋಗುತ್ತೆ, ಹೋಗಲಿ.

215ರವರಿಗೆ ಪಾಳಿ ತಪ್ಪಿಸಿಕೊಳ್ಳುವ ಹಕ್ಕಿರಲಿ. ಬೇಡ ಅನಿಸಿದರೆ ಮೂರನೆಯವರಾಗಿಯೇ ಸಂದಿ ತೆರೆದು, ಹಿಂದಕ್ಕೆ ಬರುತ್ತಿರುವವರಿಗೆ "ಒಳಗೆ ಬಾ" ಅಂತ ಕೂಗಿ ತಮ್ಮ ಮುಂದೆ ಸೇರಿಸಿಕೊಳ್ಳಬೇಕು. ಮುಂದಕ್ಕೆ ಹೋಗಿ ಐದು ಸೆಕೆಂಡ್‌ಗೆ ಬಿಡುವುದಕ್ಕಿಂತ ಇದು ಮೇಲು, ಏಕೆಂದರೆ ಸಾಲಿನ ವೇಗ ಕುಸಿಯಲ್ಲ.

ಮೂರನೆಯವರ ಸಮಯ ಅಂದರೆ ನಾಲ್ಕನೆಯವರನ್ನು ಖರ್ಚು ಮಾಡಬಹುದು ಅಂತ. 1960ರಿಂದ 1992ರವರೆಗೆ ಒಲಿಂಪಿಕ್ಸ್‌ನಲ್ಲಿ ಸುಮಾರು 100 ಕಿ.ಮೀ. ಟೀಂ ಟೈಂ ಟ್ರಯಲ್ ಇತ್ತು, ಅಲ್ಲೂ ನಾಲ್ವರು ಸವಾರರು, ಮೂರನೆಯವರ ಸಮಯ. ನಿಮ್ಮಲ್ಲಿ ಖರ್ಚಾಗಬೇಕಾದವರು 215ರವರೇ, ಆದರೆ 30 ಕಿ.ಮೀ.ಗೆ ಮುಂಚೆ ಬೇಡ. ಅಲ್ಲಿವರೆಗೆ ಅವರ 15 ಸೆಕೆಂಡ್ ಮಿಕ್ಕವರಿಗೆ ಬೇಕು. 33–35ರ ಸುಮಾರಿಗೆ ಅವರಿಗೆ ಒಂದು ಉದ್ದ ಪಾಳಿ ಕೊಟ್ಟು, ಮುಗಿದ ಮೇಲೆ "ನಾನು ಬಿಟ್ಟೆ" ಅಂತ ಜೋರಾಗಿ ಹೇಳಿ ಪಕ್ಕಕ್ಕೆ ಹೋಗಲಿ. ಹೇಳದೆ ಬಿಟ್ಟರೆ ಮಿಕ್ಕವರು ತಿರುಗಿ ತಿರುಗಿ ನೋಡುತ್ತಾ ವೇಗ ಕಳೆಯುತ್ತಾರೆ. ಅಲ್ಲಿಂದ ಮುಂದೆ ಮೂವರಲ್ಲಿ ಒಬ್ಬರ ಟೈರ್ ಹೋದರೂ ಆಟ ಮುಗಿಯಿತು, ಹಾಗಾಗಿ ಅವರು ಪೂರ್ತಿ ನಿಲ್ಲದೆ ತಮ್ಮ ಪಾಡಿಗೆ ಗೆರೆವರೆಗೆ ಬರಲಿ.

ಕೊನೆಯ 300 ಮೀಟರ್‌ಗೆ ಸಾಲು ಬಿಚ್ಚಿ ಪಕ್ಕಪಕ್ಕಕ್ಕೆ ಬನ್ನಿ. ಮೊದಲನೆಯವರು ಸ್ಪ್ರಿಂಟ್ ಹೊಡೆದು ಗೆದ್ದರೆ ಯಾರಿಗೂ ಪ್ರಯೋಜನ ಇಲ್ಲ.


ದಾವಣಗೆರೆ_ಐವರು

ಬಹಳ ಉಪಕಾರ ಆಯಿತು. ಮಂಗಳವಾರ, ಗುರುವಾರ, ಭಾನುವಾರ ಮಾತ್ರ ಐವರೂ ಸೇರಲು ಆಗುತ್ತೆ. ಮೂರು ದಿನವೂ ಸಾಲಿನ ಅಭ್ಯಾಸ ಮಾಡಬೇಕಾ?


ಘಟಪ್ರಭಾ_ಗಾಲಿ

ಬ್ಯಾಡ್ರಿ. ಗುರುವಾರ ಒಂದ ದಿನ ಸಾಲು, ಒಂದು ತಾಸು. ಮಂಗಳವಾರ ಒಬ್ಬೊಬ್ಬರ ಬ್ಯಾರೆ ಬ್ಯಾರೆ: 40 ಸೆಕೆಂಡ್ ಎಫ್‌ಟಿಪಿಯ ಶೇ. 115, ಎರಡು ನಿಮಿಷ ಶೇ. 85, ಹಿಂಗ ಎಂಟು ಸಲ, ಹತ್ತು ನಿಮಿಷ ಆರಾಮ, ಮತ್ತ ಎಂಟು ಸಲ. ಪಾಳಿ ಎಳದು ಚಕ್ರ ಹಿಡಿಯೂ ಕೆಲಸ ಕಾಲಿಗೆ ಇದರಿಂದ ರೂಢಿ ಆಗತೈತಿ. ಭಾನುವಾರ ಮೂರು ತಾಸು ಮಾತಾಡಕೋತ ಹೋಗೂವಷ್ಟು ಹಗುರ, ಕೊನೆಯ 20 ನಿಮಿಷ ಮಾತ್ರ ಸಾಲು. ಏಳನೇ ವಾರದಾಗ ಒಮ್ಮೆ ಪೂರಾ 40 ಕಿ.ಮೀ., ಕೋನ್ ಇಟ್ಟು. ಎಂಟನೇ ವಾರ ಅರ್ಧಕ್ಕರ್ಧ ಇಳಸರಿ.

205ರಾಂವನ್ನ ಗುರುವಾರ ಬಿಡಬ್ಯಾಡ್ರಿ. ಪಂದ್ಯದ ಮುಂಜಾನೆ ಒಬ್ಬಾಂವಗ ಜ್ವರ ಬಂದ್ರ ಸಾಲಿನ್ಯಾಗ ನಿಂತು ಗೊತ್ತಿರೂ ಐದನೇ ಮನಷ್ಯಾ ಬೇಕು.